ತಾನಸೇನ ಕುಳಿತು ಹಾಡುತ್ತಿದ್ದನೆ?

ಅಥಣಿ ಕಡೆಯಿಂದ ಹೊನವಾಡ, ತಿಕೋಟಾ ದಾಟಿ ವಿಜಯಪುರಕ್ಕೆ ಬರುವವರಿಗೆ ಮೊದಲು ಎದುರಾಗುವುದು ಗೋಳಗುಮ್ಮಟವಲ್ಲ. ಅದು ಊರಿನ ಮೂಡಣ ಮಗ್ಗುಲಲ್ಲಿದೆ. ದ್ರಾಕ್ಷಿ ತೋಟಗಳು ಹಿಂದೆ ಸರಿದು ತೊರವೆ ಹತ್ತಿರವಾದಂತೆ ಮುರಿದ ಗೋಡೆಗಳ, ದೊಡ್ಡ ಕಮಾನುಗಳ ಒಂದು ಹಾಳೂರು ಸಿಗುತ್ತದೆ. ಅದು ನವರಸಪುರ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಕಟ್ಟಲು ತೊಡಗಿದ ನಗರ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಉಳಿದಿರುವುದು ಸಂಗೀತ ಮಹಲ್, ನಾರಿ ಮಹಲ್ ಎಂದು ಜನ ಕರೆಯುವ ಕೆಲವು ಅವಶೇಷಗಳು ಮಾತ್ರ. ಪ್ರವಾಸಿಗಳು ಇಲ್ಲಿಗೆ ಬರುವುದು ಕಡಿಮೆ. ಅವರ ಬಸ್ಸು ನೇರ ಗೋಳಗುಮ್ಮಟಕ್ಕೆ ಹೋಗುತ್ತದೆ. ಅಲ್ಲಿ ಮೆಟ್ಟಿಲು ಹತ್ತಿ, ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಿಸುವ ಆ ಅದ್ಭುತ ಗ್ಯಾಲರಿಯಲ್ಲಿ ನಿಂತು ಎಲ್ಲರೂ ಕಿರುಚುತ್ತಾರೆ. ಪಿಸುಮಾತಿಗೆಂದು ಹೆಸರಾದ ಜಾಗದಲ್ಲಿ ಪಿಸುಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಕೇಳಿಸುತ್ತದೆ.

ಗೋಳಗುಮ್ಮಟ ಮಗ ಮುಹಮ್ಮದ್ ಆದಿಲ್‌ಶಾಹನದು. ನಾನಿಲ್ಲಿ ಹೇಳಹೊರಟಿರುವುದು ತಂದೆಯ ಬಗ್ಗೆ. 1580ರಲ್ಲಿ, ಇನ್ನೂ ಹತ್ತರ ಆಸುಪಾಸಿನ ಹುಡುಗನಾಗಿದ್ದಾಗ ಪಟ್ಟಕ್ಕೆ ಬಂದು, ಚಾಂದ್ ಬೀಬಿಯ ನೆರಳಲ್ಲಿ ಬೆಳೆದು, 1627ರವರೆಗೆ ಆಳಿದವನು. ದಖ್ಖನಿ ಭಾಷೆಯಲ್ಲಿ ‘ಕಿತಾಬೆ ನವರಸ್’ ಎಂಬ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಐವತ್ತೊಂಬತ್ತು ಹಾಡುಗಳೂ ಹದಿನೇಳು ದೋಹೆಗಳೂ ಇವೆ. ಸರಸ್ವತಿಯ ಸ್ತುತಿ, ಗಣಪತಿಯ ವರ್ಣನೆ, ಪ್ರವಾದಿಯವರ ಸ್ಮರಣೆ, ಕಲಬುರಗಿಯ ಬಂದೇ ನವಾಜರ ಮೇಲಿನ ಭಕ್ತಿ, ಎಲ್ಲವೂ ಅದರಲ್ಲಿವೆ. ಜನ ಅವನನ್ನು ಜಗದ್ಗುರು ಬಾದಶಹ ಎಂದರು.

ಈ ಕಾರಣಕ್ಕೇ ಇಬ್ರಾಹಿಂ ಇಂದು ಬಹಳ ಬೇಡಿಕೆಯಲ್ಲಿರುವ ಮನುಷ್ಯ. ಭಾವೈಕ್ಯದ ಸಮಾವೇಶ ಎಲ್ಲೇ ನಡೆಯಲಿ, ವೇದಿಕೆಯ ಮೇಲೆ ಅವನ ಹೆಸರು ಬಂದೇ ಬರುತ್ತದೆ. ‘ನೋಡಿ, ಮುಸ್ಲಿಮರಲ್ಲೂ ಸರಸ್ವತಿಯನ್ನು ಹಾಡಿದವನಿದ್ದ’ ಎನ್ನುತ್ತಾರೆ. ಹೇಳುವವರ ಉದ್ದೇಶ ಒಳ್ಳೆಯದೇ. ಕೆಟ್ಟ ಕಾಲದಲ್ಲಿ ಇಂಥ ಕತೆಗಳು ಎಷ್ಟೋ ಮನಸ್ಸುಗಳ ಉರಿಯನ್ನು ತಣಿಸಿವೆ. ಇನ್ನೊಂದು ಕಡೆ, ನಮ್ಮವರಲ್ಲೇ ಕೆಲವರಿಗೆ ಈ ಬಾದಶಹನೆಂದರೆ ಮುಜುಗರ. ಅವನ ರೋಜಾದ ಗೋಡೆಗಳ ಮೇಲೆ ಕೊರೆದ ಅರಬ್ಬೀ ಅಕ್ಷರಗಳನ್ನು ಹೆಮ್ಮೆಯಿಂದ ತೋರಿಸುತ್ತಾರೆ, ಹಾಡುಗಳ ವಿಷಯ ಬಂದರೆ ಮಾತು ಬದಲಿಸುತ್ತಾರೆ. ಒಬ್ಬರು ಅವನನ್ನು ಸಾಕ್ಷಿಯ ಕಟಕಟೆಯಲ್ಲಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಆರೋಪಿಯ ಕಟಕಟೆಯಲ್ಲಿ. ಕಟಕಟೆಯಂತೂ ತಪ್ಪುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಒಬ್ಬ ಮನುಷ್ಯ ಯಾವುದನ್ನು ಪ್ರೀತಿಸಿದ ಎಂಬುದನ್ನು ಅವನ, ಅಥವಾ ಅವನ ಸಮುದಾಯದ, ನಡತೆಯ ಪ್ರಮಾಣಪತ್ರವಾಗಿ ಬಳಸುವುದು ನ್ಯಾಯವೆ?

‘ಕಿತಾಬೆ ನವರಸ್’ ಬರೆದವನ ಆಸಕ್ತಿಗಳು ದೇವದೇವತೆಗಳಷ್ಟೇ ಅಲ್ಲ. ಅವನ ತಂಬೂರಿಗೆ ಒಂದು ಹೆಸರಿತ್ತು: ಮೋತಿ ಖಾನ್. ಮೆಚ್ಚಿನ ಆನೆಗೆ ಆತಶ್ ಖಾನ್, ಎಂದರೆ ಬೆಂಕಿ ಖಾನ್. ಹೆಂಡತಿ ಚಾಂದ್ ಸುಲ್ತಾನ್. ಹಾಡುಗಳಲ್ಲಿ ಇವರೆಲ್ಲ ಬರುತ್ತಾರೆ. ವಾದ್ಯಕ್ಕೆ ಮನೆಯ ಮಗನಿಗೆ ಇಟ್ಟಂತೆ ‘ಖಾನ್’ ಎಂದು ಹೆಸರಿಡುವ ಮನುಷ್ಯ ಯಾರಿಗೋ ಸೌಹಾರ್ದದ ಪಾಠ ಹೇಳಲು ಹೊರಟಿಲ್ಲ. ಬೆಳಗಾದರೆ ಶ್ರುತಿ ಕೂಡಿಸಬೇಕು, ಆನೆಗೆ ಮೇವು ಬಿತ್ತೋ ಇಲ್ಲವೋ ವಿಚಾರಿಸಬೇಕು. ಅವನ ಲೋಕ ಅದು. ಸಂಗೀತ ಕಲಿಯುವವನು ಸರಸ್ವತಿಯನ್ನು ನೆನೆದದ್ದೂ ಆ ಲೋಕದ ರೂಢಿಯಿಂದಲೇ. ಈ ನೆಲದಲ್ಲಿ ಆ ವಿದ್ಯೆಯ ಬಾಗಿಲು ತೆರೆಯುವುದು ಹಾಗೆ.

ಪ್ರಾಗ್ ನಗರದ ನಾಪ್ರಸ್ಟೆಕ್ ಮ್ಯೂಸಿಯಮ್ಮಿನಲ್ಲಿ ಅವನ ಒಂದು ಚಿತ್ರವಿದೆ, ಫರ್ರುಖ್ ಬೇಗ್ ಬರೆದದ್ದು. ಬಾದಶಹ ತಂಬೂರಿ ನುಡಿಸುತ್ತಿದ್ದಾನೆ. ದೊರೆಗಳ ಕೈಯಲ್ಲಿ ಕತ್ತಿಯೋ ಗುಲಾಬಿಯೋ ಇರುವ ಚಿತ್ರಗಳು ಸಾಕಷ್ಟಿವೆ, ಇಂಥವು ವಿರಳ.

ಹಾಗೆಂದು ಅವನನ್ನು ಸಂತನಾಗಿಸಬೇಕಾಗಿಲ್ಲ. ಬೆಳಗಾವಿಯಲ್ಲಿ ಬಂಡೆದ್ದ ಸೋದರ ಇಸ್ಮಾಯಿಲ್ ಬದುಕಿ ಉಳಿಯಲಿಲ್ಲ. 1619ರಲ್ಲಿ ಬೀದರನ್ನು ನುಂಗಿದವನೂ ಇವನೇ. ಹಾಡು ಬರೆದದ್ದರಿಂದ ಆ ರಕ್ತ ತೊಳೆದುಹೋಗುವುದಿಲ್ಲ. ಆ ರಕ್ತದಿಂದ ಹಾಡು ಸುಳ್ಳೂ ಆಗುವುದಿಲ್ಲ. ಸಂಗೀತ ಹೊರಗಿನಿಂದ ಏನನ್ನೂ ಹೃದಯಕ್ಕೆ ತಂದು ಹಾಕುವುದಿಲ್ಲ, ಒಳಗಿರುವುದನ್ನೇ ಕಲಕುತ್ತದೆ ಎಂಬ ಅರ್ಥದ ಮಾತನ್ನು ಇಮಾಂ ಗಝಾಲಿಯವರು ‘ಇಹ್ಯಾ’ದಲ್ಲಿ ವಿವರವಾಗಿ ಚರ್ಚಿಸಿದ್ದಾರೆ. ಸಂಗೀತ ನಿಷಿದ್ಧವೋ ಅಲ್ಲವೋ ಎಂದು ಜಗಳಾಡುವವರು ಎರಡೂ ಕಡೆಯಿಂದ ಆ ಅಧ್ಯಾಯವನ್ನು ಓದಿದರೆ ಒಳ್ಳೆಯದು.

ಪ್ರಮಾಣಪತ್ರದ ಅನ್ಯಾಯ ಎಲ್ಲಿದೆ ಎಂದು ತಿಳಿಯಲು ಇದೇ ರಸ್ತೆಯಲ್ಲಿ ಎದುರು ದಿಕ್ಕಿಗೆ ಹೋಗಬೇಕು. ಹೊನವಾಡ, ಅಥಣಿ ದಾಟಿ ಮುಂದಕ್ಕೆ ಹೋದರೆ ಮೀರಜ್. ಅಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಂಬೂರಿ ಮಾಡಲು ಕಲಿತವು. ಸೋರೆಬುರುಡೆಯನ್ನು ಒಣಗಿಸಿ, ಕೊರೆದು ಅವರು ಮಾಡುವ ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿತು. ಅದೇ ಊರಿನ ಖ್ವಾಜಾ ಶಮ್ನಾ ಮೀರಾ ದರ್ಗಾದ ಬಳಿ 1937ರಲ್ಲಿ ತೀರಿಕೊಂಡ ಉಸ್ತಾದ್ ಅಬ್ದುಲ್ ಕರೀಂ ಖಾನರ ಗೋರಿ. ಅವರ ಶಿಷ್ಯ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ನಮ್ಮ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಜೋಶಿಯವರ ಗಾಯನವನ್ನು ಕೇಳುವಾಗ ‘ನೋಡಿ, ಹಿಂದೂಗಳಲ್ಲೂ ಒಬ್ಬ ಮುಸಲ್ಮಾನನ ಪರಂಪರೆಯನ್ನು ಒಪ್ಪಿಕೊಂಡವರಿದ್ದರು’ ಎಂದು ಯಾರಾದರೂ ಹೇಳಿದ್ದಾರೆಯೆ? ಹೇಳಿದರೆ ಅದು ಅವರ ಸಂಗೀತಕ್ಕೆ ಮಾಡಿದ ಅವಮಾನವೆಂದು ಎಲ್ಲರಿಗೂ ತಿಳಿಯುತ್ತದೆ. ಜೋಶಿಯವರು ಹಾಡಿದರು, ಕೇಳಿದೆವು, ಅಷ್ಟೇ. ಇಬ್ರಾಹಿಮನ ವಿಷಯದಲ್ಲಿ ಮಾತ್ರ ಆ ‘ಅಷ್ಟೇ’ ಎನ್ನುವುದು ಯಾಕೆ ಸಾಧ್ಯವಾಗುವುದಿಲ್ಲ?

ಇನ್ನೊಂದು ತೊಡಕಿದೆ, ನನ್ನ ಪಾಲಿಗೆ ಇದೇ ದೊಡ್ಡದು. ಹಾಡಿದ್ದರಿಂದ ಇಬ್ರಾಹಿಂ ಈ ಮಣ್ಣಿನವನಾದ ಎಂದು ಒಪ್ಪಿಕೊಂಡರೆ, ಹಾಡಲು ಬಾರದವನ ಗತಿಯೇನು? ತಿಕೋಟಾದ ರಸ್ತೆ ಬದಿಯಲ್ಲಿ ಪಂಕ್ಚರ್ ತಿದ್ದುವವನಿಗೆ ರಾಗ ಗೊತ್ತಿಲ್ಲ, ಪರರ ತೋಟದಲ್ಲಿ ದ್ರಾಕ್ಷಿ ಕೊಯ್ಯುವ ಹೆಂಗಸಿಗೆ ಪುರಸತ್ತಿಲ್ಲ. ಅವರು ಸರಸ್ವತಿಯ ಮೇಲೆ ಒಂದು ಪದವನ್ನೂ ಕಟ್ಟಿಲ್ಲ, ಮುಂದೆಯೂ ಕಟ್ಟುವುದಿಲ್ಲ. ಐದು ಹೊತ್ತು ನಮಾಜು ಮಾಡಿ, ದುಡಿದು, ಮಕ್ಕಳ ಫೀಸು ಹೊಂದಿಸುವುದರಲ್ಲಿ ಅವರ ದಿನ ಮುಗಿಯುತ್ತದೆ. ಅವರ ಪರವಾಗಿ ತೋರಿಸಲು ಸಂಗೀತ ಮಹಲ್ ಇಲ್ಲ, ರೋಜಾ ಇಲ್ಲ. ಅವರು ಇಲ್ಲಿ ಇರುವುದಕ್ಕೆ ನಾನೂರು ವರ್ಷದ ಹಿಂದಿನ ಬಾದಶಹನ ಜಾಮೀನು ಬೇಕೆಂದರೆ, ಆ ಜಾಮೀನು ಎಷ್ಟೇ ಚೆಂದವಿದ್ದರೂ ಅದನ್ನು ಕೇಳಿದವನ ಮೇಲೆ ನನಗೆ ಗುಮಾನಿ. ಕೇಳುವ ಮೊದಲೇ ಓಡಿಹೋಗಿ ಕೊಡುವ ನಮ್ಮ ಭಾಷಣಕಾರರ ಮೇಲೆ ಕನಿಕರ.

ತೊರವೆಗೆ ಇನ್ನೊಂದು ಹೆಸರೂ ಇದೆ ಎಂಬುದು ಓದುಗರಿಗೆ ಗೊತ್ತು. ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ಈ ಊರಿನ ನರಸಿಂಹನ ಅಂಕಿತದಲ್ಲಿ ಬರೆದ. ಅದರ ಮಗ್ಗುಲಲ್ಲೇ ನವರಸಪುರ ಎದ್ದಿತು. ಎರಡನ್ನೂ ಒಂದೇ ಭಾಷಣದಲ್ಲಿ ಗಂಟುಹಾಕುವ ಆಸೆ ನನಗೂ ಆಗುತ್ತದೆ. ಆದರೆ ಊರುಗಳು ಪಕ್ಕಪಕ್ಕ ಇರುವುದು ಸಾಮಾನ್ಯ ಸಂಗತಿ. ಅದು ಸಾಮಾನ್ಯವಾಗಿಯೇ ಉಳಿಯಲಿ.

ಇಬ್ರಾಹಿಮನನ್ನು ಇಷ್ಟಪಡಲು ನನಗೆ ಬೇರೆ ಕಾರಣವಿದೆ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಅಕ್ಬರನ ಮಗ ದಾನಿಯಾಲನಿಗೆ ಗೊತ್ತಾಗಿದ್ದ ಆದಿಲ್‌ಶಾಹಿ ರಾಜಕುಮಾರಿಯನ್ನು ಕರೆದೊಯ್ಯುವ ಕೆಲಸ. ಬಾದಶಹ ಸಂಗೀತದಲ್ಲಿ ಎಷ್ಟು ಮುಳುಗಿದ್ದನೆಂದರೆ ತನ್ನ ಮಾತಿಗೆ ಸರಿಯಾಗಿ ಉತ್ತರ ಕೊಡುವುದೂ ಅವನಿಂದ ಆಗುತ್ತಿರಲಿಲ್ಲ ಎಂದು ಆ ರಾಯಭಾರಿ ಬರೆದಿಟ್ಟಿದ್ದಾನೆ. ಉತ್ತರದಲ್ಲಿ ಮೊಗಲರು, ಮನೆಯಲ್ಲಿ ಮದುವೆ, ಗಡಿಯಲ್ಲಿ ಯುದ್ಧ. ಅದರ ನಡುವೆ ಇಬ್ರಾಹಿಂ ಕೇಳಿದ ಪ್ರಶ್ನೆ ತಾನಸೇನನದು: ಬಾದಶಹನ ಮುಂದೆ ಅವನು ಹಾಡುವಾಗ ನಿಂತಿರುತ್ತಾನೋ ಕುಳಿತಿರುತ್ತಾನೋ? ತಾನಸೇನ ತೀರಿಕೊಂಡು ಆಗಲೇ ಹದಿನೈದು ವರ್ಷವಾಗಿತ್ತು. ದರ್ಬಾರಿನಲ್ಲಿ ನಿಂತೇ ಹಾಡಬೇಕು, ರಾತ್ರಿಯ ಕೂಟಗಳಲ್ಲಿ, ನೌರೋಜ್ ಹಬ್ಬದಲ್ಲಿ ಕೂರಲು ಅಪ್ಪಣೆಯುಂಟು ಎಂದು ರಾಯಭಾರಿ ಉತ್ತರಿಸಿದ.

ತಂಬೂರಿಯನ್ನು ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಕುಳಿತವನಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು. ಅಸದ್ ಬೇಗ್ ಬಿಜಾಪುರದಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದ್ದು ಎಲ್ಲ ಚರಿತ್ರೆಯ ಪುಸ್ತಕಗಳಲ್ಲೂ ಇದೆ. ಈ ಪ್ರಶ್ನೆ ಅಷ್ಟಾಗಿ ಕಾಣಸಿಗುವುದಿಲ್ಲ.