ಕಲ್ಲೇಟಿನ ಊರಿಗೆ ಮರಳಿದವನು

ಒಂದು ಮತದ ಸತ್ತ್ವವನ್ನು ಅದಕ್ಕೆ ದೊರೆತ ಜಯಘೋಷದಿಂದ ಅಳೆಯುವುದು ಲೋಕರೂಢಿ. ವಿರೋಧಿಯನ್ನು ಅದು ಯಾವ ಕಣ್ಣಿನಿಂದ ಕಂಡಿತು ಎಂಬುದರಿಂದ ಅಳೆದರೆ ಬೇರೊಂದು ಚಿತ್ರ ಗೋಚರಿಸುತ್ತದೆ. ಕ್ರೈಸ್ತಮತದ ಮೊದಲ ಶತಮಾನದ ಪ್ರಚಾರಕರ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಅನ್ಯಮತದವರಾದ ನಮಗೂ ಹಿತಕರ. ಆ ವೃತ್ತಾಂತ ‘ಅಪೊಸ್ತಲರ ಕೃತ್ಯಗಳು’ ಎಂಬ ಗ್ರಂಥದಲ್ಲಿದೆ. ಅದು ಭಕ್ತರು ಬರೆದುಕೊಂಡದ್ದು. ಎದುರು ಪಕ್ಷದ ದನಿ ಅಲ್ಲಿ ಪೂರ್ಣವಾಗಿ ಕೇಳಿಬರದೆಂಬ ಎಚ್ಚರವೂ ನಮಗಿರಬೇಕು.

ಯೆರೂಸಲೇಮಿನಲ್ಲಿ ಸ್ತೆಫನನೆಂಬ ಭಕ್ತನನ್ನು ಕಲ್ಲೆಸೆದು ಕೊಂದಾಗ, ಎಸೆಯುವವರು ಕಳಚಿಟ್ಟ ಮೇಲುವಸ್ತ್ರಗಳು ಸೌಲನೆಂಬ ಯುವಕನ ಪಾದಗಳ ಬಳಿ ಇದ್ದವು. ಅವನು ಕಲ್ಲೆಸೆದನೆಂದು ಗ್ರಂಥ ಹೇಳುವುದಿಲ್ಲ. ಆ ಕೊಲೆಗೆ ಅವನ ಸಮ್ಮತಿಯಿತ್ತೆಂದು ಹೇಳುತ್ತದೆ. ಅವನು ದುಷ್ಟನೇ? ಅಲ್ಲ. ಪಿತೃಪರಂಪರೆಯ ಧರ್ಮದಲ್ಲಿ ಅಚಲ ನಿಷ್ಠೆಯುಳ್ಳ ಯೆಹೂದ್ಯ; ಕೊಲೆಗೀಡಾದ ಸ್ತೆಫನನೂ ಯೆಹೂದ್ಯನೇ. ನಿಷ್ಠೆಯೇ ಅವನನ್ನು ಹಿಂಸೆಗೆ ಹಚ್ಚಿತು. ಇವನೇ ದಮಸ್ಕದ ದಾರಿಯಲ್ಲಿ ಮನಃಪರಿವರ್ತನೆ ಹೊಂದಿ, ಮುಂದೆ ಪೌಲನೆಂದು ಪ್ರಸಿದ್ಧನಾದ. ತಾನೊಮ್ಮೆ ಹಿಂಸಕನಾಗಿದ್ದೆನೆಂಬುದನ್ನು ಅವನು ತನ್ನ ಪತ್ರಗಳಲ್ಲಿ ಮರೆಮಾಚಲಿಲ್ಲ.

ಇಂದಿನ ತುರ್ಕಿಯಲ್ಲಿದ್ದ ಲುಸ್ತ್ರ ಎಂಬ ಊರಿನಲ್ಲಿ ನಡೆದ ಸಂಗತಿ ವಿಶೇಷವಾದುದು. ಹುಟ್ಟು ಹೆಳವನೊಬ್ಬ ಪೌಲನ ಮಾತಿನಿಂದ ಎದ್ದು ನಡೆದನೆಂದು ಜನ ಬೆರಗಾದರು. ಜೊತೆಗಾರ ಬಾರ್ನಬನನ್ನು ಜ್ಯೂಸ್ ದೇವನೆಂದೂ, ಮಾತುಗಾರನಾದ ಪೌಲನನ್ನು ಹರ್ಮಿಸ್ ದೇವನೆಂದೂ ಕರೆದರು. ಪೂಜಾರಿ ಹೋರಿಗಳನ್ನೂ ಹೂಮಾಲೆಗಳನ್ನೂ ತಂದ. ಇಬ್ಬರೂ ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂತೆಯೇ ನರಮಾನವರೆಂದು ಕೂಗಿ, ಬಲಿಯನ್ನು ಬಹುಕಷ್ಟದಿಂದ ತಡೆದರು. ಕಲ್ಲನ್ನು ಸಹಿಸಿದವರು ಅನೇಕರಿದ್ದಾರೆ. ಹೂಮಾಲೆಯನ್ನು ತಡೆದವರು ಎಷ್ಟು ಮಂದಿ? ಬಳಿಕ ಬೇರೆ ಊರುಗಳಿಂದ ಬಂದ ವಿರೋಧಿಗಳು ಜನರ ಮನಸ್ಸನ್ನು ತಿರುಗಿಸಿದರು. ಪೌಲನಿಗೆ ಕಲ್ಲೇಟು ಬಿದ್ದಿತು. ಸತ್ತನೆಂದು ತಿಳಿದು ಅವನನ್ನು ಊರ ಹೊರಗೆ ಎಳೆದು ಹಾಕಿದರು. ಅವನು ಎದ್ದು ಅದೇ ಊರೊಳಗೆ ಹೋದ. ಮರುದಿನ ದೆರ್ಬೆಗೆ ಪ್ರಯಾಣ. ಅಲ್ಲಿಂದ ಹಿಂದಿರುಗುವಾಗ ಮತ್ತೆ ಲುಸ್ತ್ರಕ್ಕೇ ಬಂದ. ತಾನೂ ಒಂದು ದಿನ ಕಲ್ಲಿನ ಪಕ್ಷದಲ್ಲಿ ನಿಂತಿದ್ದವನಿಗೆ ಆ ಜನರನ್ನು ದ್ವೇಷಿಸುವುದು ಕಷ್ಟವಾಗಿದ್ದಿರಬೇಕು.

ಎಫೆಸದ ವಿರೋಧ ಬೇರೆ ಬಗೆಯದು. ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿಸುತ್ತಿದ್ದ ದೇಮೇತ್ರಿಯನೆಂಬವನು ಅಕ್ಕಸಾಲಿಗರನ್ನು ಕೂಡಿಸಿ, ಮೊದಲು ಕಸುಬಿಗೆ ಬಂದ ಕುತ್ತನ್ನೂ ಅನಂತರ ದೇವಿಯ ಮಹಿಮೆಗೆ ಬಂದ ಕುಂದನ್ನೂ ಹೇಳಿದ. ಈ ಅನುಕ್ರಮ ಗಮನಾರ್ಹ. ರಂಗಮಂದಿರದಲ್ಲಿ ಎರಡು ಗಂಟೆ ಕಾಲ ಜನ ಕೂಗಿದರು. ಬಹುಮಂದಿಗೆ ತಾವೇಕೆ ಸೇರಿದ್ದೇವೆಂಬುದೇ ತಿಳಿದಿರಲಿಲ್ಲವಂತೆ! ಪೌಲನಾದರೋ ಕೊರಿಂಥದಲ್ಲಿ ಗುಡಾರ ಮಾಡುವ ಕೆಲಸದಿಂದ ಹೊಟ್ಟೆ ಹೊರೆದುಕೊಂಡವನು. ಕಾಯಕದ ಅರ್ಥವರಿತ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಮಠಮಾನ್ಯಗಳ ನೆರಳಿನಲ್ಲಿರುವ ನಾವೂ ಒಂದನ್ನು ಕೇಳಿಕೊಳ್ಳಬೇಕು: ಆಚರಣೆಯೊಂದನ್ನು ಯಾರಾದರೂ ಪ್ರಶ್ನಿಸಿದಾಗ ನಮಗೆ ಬರುವ ಸಿಟ್ಟು ಧರ್ಮದ ಸಲುವಾಗಿಯೋ, ಅದರಿಂದ ಬರುವ ಕಾಣಿಕೆ ಗೌರವಗಳ ಸಲುವಾಗಿಯೋ?

380ರಲ್ಲಿ ಥಿಯೊಡೋಸಿಯಸನ ಶಾಸನದಿಂದ ಕ್ರೈಸ್ತಮತವು ರೋಮನ್ ಸಾಮ್ರಾಜ್ಯದ ರಾಜಮತವಾಯಿತು. 415ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹೈಪೇಷಿಯ ಎಂಬ ಗಣಿತಜ್ಞೆಯನ್ನು, ತತ್ತ್ವಜ್ಞಾನಿಯನ್ನು, ಕ್ರೈಸ್ತರ ಗುಂಪೊಂದು ಬೀದಿಯಿಂದ ಎಳೆದೊಯ್ದು ಕೊಂದಿತು. ಆ ಕಾಲದ ಕ್ರೈಸ್ತ ಇತಿಹಾಸಕಾರನೇ ಇದು ಅಲ್ಲಿನ ಸಭೆಗೆ ತಟ್ಟಿದ ಕಳಂಕವೆಂದು ಬರೆದ. ಕಲ್ಲೇಟು ತಿಂದವರ ಉತ್ತರಾಧಿಕಾರಿಗಳ ಕೈಗೆ ಅಧಿಕಾರ ಬಂದಿತ್ತು. ಸ್ತೆಫನನ ಹೆಸರು ನೆನಪಿತ್ತು, ವಸ್ತ್ರ ಕಾಯುತ್ತಿದ್ದ ಯುವಕನ ನೆನಪು ಮಾಸಿತ್ತು.

ಆ ಯುವಕ ಪೌಲನಾಗಿ ಕೆಲವು ಕಾಲದ ಬಳಿಕ ಮತ್ತೊಮ್ಮೆ ಲುಸ್ತ್ರಕ್ಕೆ ಹೋದ. ಅಲ್ಲಿ ತಿಮೊಥೆ ಎಂಬ ತರುಣನಿದ್ದ. ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಉಳಿದ ದಾರಿಗೆ ಜೊತೆಗಾರನನ್ನಾಗಿ ಪೌಲ ಅವನನ್ನು ಆರಿಸಿಕೊಂಡದ್ದು ಆ ಊರಿನಲ್ಲಿಯೇ.