ನಿಲ್ಲಬಲ್ಲ ವಾಹನಕ್ಕೇ ಓಡುವ ಅಧಿಕಾರ



ಕೃಷ್ಣಾತೀರದ ಉಗಾರ ಬುದ್ರುಕದಲ್ಲಿ, ನೆರೆಯ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹಂಗಾಮು ಮೊದಲಾಯಿತೆಂದರೆ, ರಸ್ತೆಗೆ ಹಗಲಿರುಳೆಂಬ ಭೇದವಿರದು. ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಅವುಗಳ ಬೆನ್ನಿಗೆ ಟ್ರೇಲರುಗಳು, ಎತ್ತಿನ ಬಂಡಿಗಳು, ಶಾಲೆಗೆ ಹೊರಟ ಮಕ್ಕಳು. ಇವೆಲ್ಲವುಗಳ ನಡುವೆ ಕಾರುಗಳು. ಕಬ್ಬಿನ ಬಿಲ್ ಕೈಗೆ ಬಂದ ವರ್ಷ ಹೊಸದೋ ಹಳೆಯದೋ ಒಂದು ಕಾರು ಮನೆಗೆ ಬರುವುದು ಈಗ ಅಪರೂಪವಲ್ಲ. ಬಂದ ದಿನ ಅದಕ್ಕೆ ವಿಭೂತಿಯಿಟ್ಟು, ಹೂವಿನ ಹಾರ ಹಾಕಿ, ಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣಿಡುತ್ತೇವೆ. ಸಂತೋಷದ ಸಂಗತಿಯೇ ಸರಿ. ಆದರೆ ನಿಂಬೆಹಣ್ಣಿನ ಮೇಲೆ ಹಾಯ್ದ ಆ ಗಾಲಿಯು ಬೇಕೆಂದಾಗ ನಿಲ್ಲುವುದೋ ಇಲ್ಲವೋ ಎಂದು ವಿಚಾರಿಸುವವರೆಷ್ಟು ಮಂದಿ?

ಒಬ್ಬ ಗೃಹಸ್ಥನು ಹಳೆಯ ಕಾರೊಂದನ್ನು ಕೊಂಡನೆಂದು ತಿಳಿಯೋಣ. ಬ್ರೇಕಿನ ಪೆಡಲನ್ನು ತುಳಿದರೆ ಹತ್ತಿಯ ಅಂಡಿಗೆಯನ್ನು ತುಳಿದಂತೆ ಮೆತ್ತಗೆ ಕೆಳಗಿಳಿಯುತ್ತದೆ; ಎರಡು ಮೂರು ಸಲ ತುಳಿದ ಮೇಲಷ್ಟೇ ಗಟ್ಟಿಯಾಗುತ್ತದೆ. ಮಾರಿದವನನ್ನು ಕೇಳಿದರೆ, “ಒಂದೆರಡ ಸಲ ತುಳೀರಿ ಕಾಕಾ, ಹಿಡೀತೈತಿ” ಎನ್ನುತ್ತಾನೆ. ಗೃಹಸ್ಥನೂ ನಾಲ್ಕು ದಿನಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುತ್ತಾನೆ. ಅನರ್ಥದ ಬೀಜವಿರುವುದು ಇಲ್ಲಿಯೇ: ದೋಷವನ್ನು ತಿದ್ದದೆ ದೋಷಕ್ಕೆ ಒಗ್ಗಿಕೊಳ್ಳುವುದರಲ್ಲಿ.

ಪೆಡಲು ಮೆತ್ತಗಾಗುವ ಕಾರಣವನ್ನರಿತರೆ ಭ್ರಾಂತಿ ಹರಿಯುತ್ತದೆ. ಕಾಲಿನ ಒತ್ತಡವನ್ನು ಗಾಲಿಗಳಿಗೆ ಒಯ್ಯುವುದು ನಳಿಗೆಗಳಲ್ಲಿ ತುಂಬಿದ ಬ್ರೇಕ್ ಆಯಿಲ್. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಪಂಡಿತನು ತೋರಿಸಿದ ನಿಯಮವೇ ಇದಕ್ಕೆ ಆಧಾರ. ದ್ರವವು ಸುಲಭವಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ನಳಿಗೆಯೊಳಗೆ ಗಾಳಿ ಸೇರಿತೆಂದರೆ ಕಾಲಿನ ಬಲವು ಅದನ್ನು ಅದುಮುವುದರಲ್ಲಿಯೇ ವ್ಯಯವಾಗುತ್ತದೆ. ಎಂಜಿನ್ ನಡೆಯುತ್ತಿರುವಾಗ ಪೆಡಲನ್ನು ಒತ್ತಿ ಹಿಡಿದರೆ ಅದು ಮೆಲ್ಲಮೆಲ್ಲನೆ ಕೆಳಗಿಳಿಯುವುದೋ? ಹಾಗಾದರೆ ಎಲ್ಲಿಯೋ ಆಯಿಲ್ ಸೋರುತ್ತಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರು ಸವೆದಿದೆ ಎಂದು ಶಂಕಿಸಬೇಕು.

ಇನ್ನೊಂದು ಸಂಗತಿ. ಬ್ರೇಕ್ ಆಯಿಲಿಗೆ ತೇವವನ್ನು ಹೀರಿಕೊಳ್ಳುವ ಸ್ವಭಾವವುಂಟು. ಡಾಟ್ 3 ಎಂಬ ಜಾತಿಯದು ಹೊಸದಾಗಿರುವಾಗ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಮೇಲೆ ಆ ಮಿತಿಯು 140 ಡಿಗ್ರಿಗೆ ಇಳಿಯುತ್ತದೆ. ಮೇಲಿಂದ ಮೇಲೆ ಬ್ರೇಕ್ ಹಾಕಿ ಗಾಲಿಗಳ ಬಳಿ ಕಾವೇರಿದಾಗ ಆಯಿಲ್ ಕುದಿದರೆ, ಆವಿಯೂ ಗಾಳಿಯಂತೆಯೇ ಕುಗ್ಗಿ, ಪೆಡಲು ತಳ ಮುಟ್ಟುತ್ತದೆ. 2019ರ ಆಗಸ್ಟಿನಲ್ಲಿಯೂ 2021ರ ಜುಲೈ ತಿಂಗಳಲ್ಲಿಯೂ ಕೃಷ್ಣೆಯು ದಡ ಮೀರಿದುದನ್ನು ಈ ಸೀಮೆಯವರು ಮರೆತಿಲ್ಲ. ನೆರೆಯ ನೀರಿನಲ್ಲಿ ನಿಂತ ವಾಹನದ ಬ್ರೇಕಿಗೆ ತುಕ್ಕು ಹಿಡಿಯುವುದು ಸಹಜ. ಹೊರಗೆ ಬಣ್ಣ ಬಳಿದರೆ ಒಳಗಿನ ತುಕ್ಕು ಹೋದೀತೆ? ಆದುದರಿಂದ ಹಳೆಯ ಕಾರು ಕೊಳ್ಳುವವನು, ಅದು ನೀರಿನಲ್ಲಿ ನಿಂತದ್ದುಂಟೇ ಎಂದು ಮೊದಲು ಕೇಳತಕ್ಕದ್ದು.

“ಎರಡನೆಯ ಸಲ ತುಳಿಯಲು ಒಂದು ಕ್ಷಣ ಸಾಕಲ್ಲವೇ?” ಎನ್ನಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿನಲ್ಲಿ 16 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅಡ್ಡ ಬಂದ ಮಗುವಿಗೂ ಕಾರಿಗೂ ನಡುವೆ ಇರುವುದು ಅಷ್ಟೇ ಅಂತರವಾದರೆ? ವೇಗ ಇಮ್ಮಡಿಸಿದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಮಡಿಯಾಗುತ್ತದೆ. ಆ ಒಂದು ಕ್ಷಣವು ನಮ್ಮ ಸ್ವತ್ತಲ್ಲ, ಎದುರು ಬರುವವರ ಆಯುಷ್ಯ.

ನಮ್ಮ ಹಿರಿಯರು ವಿಧಿಸಿದ ಪಂಚಾಚಾರಗಳಲ್ಲಿ ಮೂರನ್ನು ಇಲ್ಲಿ ನೆನೆಯೋಣ. ಸದಾಚಾರವು ಮಾರುವವನಿಗೆ ಅನ್ವಯಿಸುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಹೇಳಿದ ಕಥೆಯನ್ನು ಕೇಳದವರಾರು? ದೋಷವನ್ನು ಮುಚ್ಚಿಟ್ಟು ಪಡೆದ ಬೆಲೆಯೂ ಆ ಹೆಚ್ಚಿನ ಅಕ್ಕಿಯಂತೆಯೇ. ಅದರಿಂದ ಮಾಡಿದ ದಾಸೋಹ ಶಿವನಿಗೆ ಸಲ್ಲದು. ಗಣಾಚಾರವು ಕಂಡವನಿಗೆ ಅನ್ವಯಿಸುತ್ತದೆ. ನೆರೆಯವನ ವಾಹನದ ಬ್ರೇಕ್ ಹಿಡಿಯದೆಂದು ತಿಳಿದೂ ದಾಕ್ಷಿಣ್ಯದಿಂದ ಸುಮ್ಮನಿರುವುದು ಅನಾಚಾರವನ್ನು ಸಹಿಸಿದಂತೆಯೇ. ಭೃತ್ಯಾಚಾರವು ನಡೆಸುವವನಿಗೆ ಅನ್ವಯಿಸುತ್ತದೆ: ಸ್ಟಿಯರಿಂಗ್ ಹಿಡಿದವನು ದಾರಿಯ ಒಡೆಯನಲ್ಲ, ದಾರಿಹೋಕರ ಕಿಂಕರ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. “ಎಲ್ಲವೂ ಶಿವಚಿತ್ತ, ಆಗುವುದನ್ನು ತಪ್ಪಿಸುವವರಾರು?” ಈ ಮಾತಿನಲ್ಲಿ ಭಕ್ತಿಗಿಂತ ಆಲಸ್ಯವೇ ಹೆಚ್ಚು. ಪೆಡಲು ಮೆತ್ತಗಾದಾಗ ಮನಸ್ಸಿನಲ್ಲಿ ಮೂಡಿದ ಸಂದೇಹವೂ ಶಿವನೇ ಕೊಟ್ಟ ಅರಿವಲ್ಲವೇ? ಅದನ್ನು ಅಲಕ್ಷಿಸಿ, ಮುಂದಾದ ಅನಾಹುತವನ್ನು ಮಾತ್ರ ಅವನ ಮೇಲೆ ಹೊರಿಸುವುದು ಯಾವ ನ್ಯಾಯ? ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮಿನಂತೆ, ಅಪಾಯ ತರುವ ದೋಷವು ತನಗೆ ಗೊತ್ತಿದ್ದರೂ, ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದರೂ, ಅಂಥ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವವನು ತಪ್ಪಿತಸ್ಥನೇ. “ನನಗೆ ತಿಳಿದಿರಲಿಲ್ಲ” ಎಂಬುದು ತಿಳಿಯಲೆತ್ನಿಸಿದವನ ಬಾಯಲ್ಲಿ ಮಾತ್ರ ಒಪ್ಪುವ ಮಾತು.

ಹಾಗಾದರೆ ಮಾಡಬೇಕಾದುದೇನು? ಬ್ರೇಕಿನ ವಿಷಯದಲ್ಲಿ ಸಂದೇಹ ಬಂದ ವಾಹನವನ್ನು “ಗ್ಯಾರೇಜಿನವರೆಗೆ ಮಾತ್ರ” ಎಂದು ಕೂಡ ನಡೆಸಬಾರದು. ಮಿಸ್ತ್ರಿಯನ್ನೇ ಮನೆಗೆ ಕರೆಸಬೇಕು, ಇಲ್ಲವೇ ಕಾರನ್ನು ಬೇರೆ ವಾಹನದ ಮೇಲೆ ಹೇರಿ ಸಾಗಿಸಬೇಕು. ಆಯಿಲ್ ಕಡಮೆಯಾಗಿದ್ದರೆ ತುಂಬಿ ಸುಮ್ಮನಾಗದೆ, ಅದು ಎಲ್ಲಿ ಹೋಯಿತೆಂದು ಹುಡುಕಿಸಬೇಕು. ನಾಲ್ಕೂ ಗಾಲಿಗಳನ್ನು ಬಿಚ್ಚಿಸಿ ಪ್ಯಾಡು, ಶೂ, ರಬ್ಬರು ನಳಿಗೆಗಳನ್ನು ನೋಡಿಸಬೇಕು. ಹೊಸ ಕಾರಾದರೆ ದೂರನ್ನು ಬಾಯಲ್ಲಿ ಹೇಳಿ ಬರದೆ, ಬರೆದು ಕೊಟ್ಟು ಪ್ರತಿಯನ್ನಿಟ್ಟುಕೊಳ್ಳಬೇಕು. ದುರಸ್ತಿಯಾದ ಮೇಲೆ ಜನರಿಲ್ಲದ ಸಮನೆಲದಲ್ಲಿ ನಿಧಾನವಾಗಿ ನಡೆಸಿ ನೋಡಬೇಕು. ನಡುದಾರಿಯಲ್ಲಿಯೇ ಬ್ರೇಕ್ ಕೈಕೊಟ್ಟರೆ, ಪೆಡಲನ್ನು ಬಿಟ್ಟು ಬಿಟ್ಟು ವೇಗವಾಗಿ ತುಳಿಯುತ್ತ, ಗೇರನ್ನು ಕ್ರಮವಾಗಿ ಇಳಿಸಿ, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಜಗ್ಗದೆ ಸ್ವಲ್ಪ ಸ್ವಲ್ಪವಾಗಿ ಎಳೆಯಬೇಕು; ಹಾರನ್ ಬಾರಿಸುತ್ತ ರಸ್ತೆಯ ಅಂಚಿಗೆ ಸರಿಯಬೇಕು. ಕಾರು ನಿಲ್ಲುವವರೆಗೆ ಬೀಗದ ಕೈಯನ್ನು ತಿರುಗಿಸಿ ತೆಗೆಯಲಾಗದು; ತೆಗೆದರೆ ಸ್ಟಿಯರಿಂಗ್ ಬಿಗಿದುಕೊಂಡೀತು.

ಅಂಬಿಗನ ಕಾಯಕವನ್ನು ಕೈಕೊಂಡ ಚೌಡಯ್ಯನೂ ಶರಣರಲ್ಲಿ ಒಬ್ಬನಾಗಿ ಬೆಳಗಿದನು. ಜನರನ್ನು ಹೊತ್ತು ದಾಟಿಸುವುದು ಅಷ್ಟು ದೊಡ್ಡ ಹೊಣೆ. ದೋಣಿಯ ತೂತನ್ನು ಕಂಡೂ ಜನರನ್ನು ಹತ್ತಿಸಿಕೊಳ್ಳುವವನನ್ನು ಯಾರೂ ಅಂಬಿಗನೆನ್ನರು. ಮಡದಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಜಾತ್ರೆಗೋ ಮಠಕ್ಕೋ ಹೊರಡುವ ಗೃಹಸ್ಥನೂ ಆ ಹೊತ್ತಿಗೆ ಅಂಬಿಗನೇ. ಅವನು ಹೊರಡುವ ಮುನ್ನ ಕಾಯಿ ಒಡೆಯಲಿ, ವಿಭೂತಿ ಧರಿಸಲಿ. ಅದಕ್ಕೂ ಮೊದಲು ಪೆಡಲನ್ನೊಮ್ಮೆ ಒತ್ತಿ ನೋಡಲಿ. ಅದು ಮೆತ್ತಗಿದ್ದರೆ ಆ ದಿನದ ಪಯಣ ನಿಲ್ಲಲಿ. ಜಾತ್ರೆ ಮರುವರ್ಷವೂ ಬರುತ್ತದೆ.