ಮಸೂರ ಮತ್ತು ವಿವೇಕ

ಮನುಷ್ಯನ ಕಣ್ಣಿಗೆ ಒಂದು ಸ್ವಾತಂತ್ರ್ಯವುಂಟು. ಎದುರಿಗೆ ಕುಳಿತ ನೇಕಾರನ ಮುಖವನ್ನು ನೋಡುತ್ತಿದ್ದಂತೆಯೇ ಅದು ಹಿಂದಣ ಗೋಡೆಯ ಕಡೆಗೆ ಹೊರಳಬಲ್ಲುದು. ಹೊರಳಿದೊಡನೆ ಗೋಡೆಯು ಸ್ಫುಟವಾಗುವುದು. ಚಲಚ್ಚಿತ್ರದ ಪ್ರೇಕ್ಷಕನಿಗೆ ಈ ಸ್ವಾತಂತ್ರ್ಯವಿಲ್ಲ. ಚಿತ್ರಗ್ರಾಹಕನು ಮಸುಕಾಗಿಸಿದುದನ್ನು ಅವನು ಎಷ್ಟು ದಿಟ್ಟಿಸಿದರೂ ಸ್ಫುಟಮಾಡಿಕೊಳ್ಳಲಾರನು. ಹಾಗಾದರೆ ಮಸೂರದ ಆಯ್ಕೆಯಲ್ಲಿ ಕುಶಲತೆಯೊಡನೆ ನ್ಯಾಯಾನ್ಯಾಯದ ವಿಚಾರವೂ ಅಡಗಿರುವುದೊ?

2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರದ ಕ್ಯಾಮರಾಗಳು ವಿಡಿಯೋವನ್ನೂ ತೆಗೆಯತೊಡಗಿದುವು. ಅಂದಿನಿಂದ ಈ ಪ್ರಶ್ನೆಯು ಚಿತ್ರೋದ್ಯಮದ ಗಡಿಯನ್ನು ದಾಟಿ ಸಾಮಾನ್ಯರ ಕೈಗೂ ಬಂದಿತು. ಎರಡನೆಯ ಕ್ಯಾಮರಾದಲ್ಲಿ ಬೆಳಕನ್ನು ಗ್ರಹಿಸುವ ಫಲಕವು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರವುಳ್ಳದ್ದು. ಅದರ ಮುಂದೆ 50 ಮಿಲಿಮೀಟರ್ ನಾಭಿದೂರದ ಮಸೂರವನ್ನಿಟ್ಟು, ಬೆಳಕಿಂಡಿಯನ್ನು ಎಫ್ 1.4ಕ್ಕೆ ತೆರೆದು, 2 ಮೀಟರ್ ದೂರದ ಮುಖಕ್ಕೆ ಹೊಂದಿಸಿದರೆ ಸ್ಫುಟವಾಗಿ ಕಾಣುವ ಆಳವು ಸುಮಾರು 13 ಸೆಂಟಿಮೀಟರ್ ಮಾತ್ರ. ಹರಿದ ಎಳೆಯನ್ನು ಕೂಡಿಸಲು ನೇಕಾರನು ಒಂದು ಗೇಣು ಬಾಗಿದರೆ ಅವನ ಮುಖವೇ ಮಸುಕಾಗುವುದು. 24 ಮಿಲಿಮೀಟರ್ ಮಸೂರವನ್ನು ಎಫ್ 8ಕ್ಕೆ ಕಿರಿದುಗೊಳಿಸಿ 2.4 ಮೀಟರಿಗೆ ಹೊಂದಿಸಿದರೆ, ಸುಮಾರು 1.2 ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಫುಟ.

ಮೊದಲನೆಯ ಚಿತ್ರವು ಮನೋಹರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದರಲ್ಲಿ ಮಗ್ಗವು ಬಣ್ಣದ ಮಬ್ಬಾಗುವುದು. ಮೂಲೆಯಲ್ಲಿ ಕಂಡಿಕೆ ಸುತ್ತುತ್ತಿರುವ ಹೆಂಡತಿಯು ಇಲ್ಲವಾಗುವಳು. ಮುಖದ ಸುಕ್ಕುಗಳು ಉಳಿದುವು. ಆ ಸುಕ್ಕುಗಳಿಗೆ ಕಾರಣವಾದುದು ಅಳಿಯಿತು.

ಹಾಗೆಂದು ಎಲ್ಲವನ್ನೂ ಸ್ಫುಟವಾಗಿ ತೋರಿಸುವುದೇ ಸತ್ಯವೆಂದು ಹೇಳಬಹುದೆ? 1941ರ 'ಸಿಟಿಜನ್ ಕೇನ್' ಚಿತ್ರದಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲೆಂಡನು ಒಂದೇ ನೋಟದಲ್ಲಿ ಎರಡನ್ನೂ ಹಿಡಿದನು: ಮನೆಯೊಳಗೆ ಬಾಲಕನ ಭವಿಷ್ಯವನ್ನು ನಿರ್ಣಯಿಸುತ್ತಿರುವ ಹಿರಿಯರು, ಕಿಟಕಿಯಾಚೆ ಏನನ್ನೂ ಅರಿಯದೆ ಹಿಮದಲ್ಲಿ ಆಡುತ್ತಿರುವ ಬಾಲಕ. ಅಲ್ಲಿ ಆ ಎರಡರ ಸಂಬಂಧವೇ ಕಥೆಯ ಹೃದಯ. ಆದುದರಿಂದ ಆಳವು ಸಾರ್ಥಕವಾಯಿತು. ಆದರೆ ಜನಜಂಗುಳಿಯ ನಡುವೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಕುಳಿತಿದ್ದರೆ, ಸುತ್ತಲಿನ ಸಮಸ್ತವೂ ಸ್ಫುಟವಾದಲ್ಲಿ ಅವಳ ದುಃಖವೇ ಗುಂಪಿನಲ್ಲಿ ಕರಗಿಹೋದೀತು. ಅಲ್ಲಿ ಮಸುಕೇ ಮರ್ಯಾದೆ.

ಆಯ್ಕೆಯಿಂದ ಯಾರಿಗೂ ಬಿಡುಗಡೆಯಿಲ್ಲ. ಸ್ಥಿರಚಿತ್ರದಲ್ಲಿ ಅದು ಒಂದು ಕ್ಷಣದ ನಿರ್ಣಯ. ವಿಡಿಯೋದಲ್ಲಿ ಕ್ಷಣಕ್ಷಣಕ್ಕೂ ಹೊಸದು. ಡಿ90ರಲ್ಲಿ ಚಿತ್ರೀಕರಣ ನಡೆಯುತ್ತಿರುವಾಗ ಉಂಗುರವನ್ನು ಕೈಯಿಂದಲೇ ತಿರುಗಿಸಬೇಕಾಗಿದ್ದಿತು. ಇಂದಿನ ಎಷ್ಟೋ ಕ್ಯಾಮರಾಗಳು ಕಣ್ಣನ್ನು ತಾವೇ ಗುರುತಿಸಿ ಬೆಂಬತ್ತುವುವು. ಈ ಅನುಕೂಲವನ್ನು ಹಳಿಯಬೇಕಾದುದಿಲ್ಲ. ಆದರೆ ಯಂತ್ರವು ಮುಖವನ್ನು ಹುಡುಕಬಲ್ಲುದೇ ಹೊರತು ಮುಖ್ಯವಾದುದನ್ನು ಹುಡುಕಲಾರದು. ಯಾವುದನ್ನು ಮಸುಕಾಗಿಸಿದೆನೆಂಬುದಕ್ಕೆ ಚಂದವೆಂಬ ಕಾರಣವೊಂದನ್ನೇ ಕೊಡಬಲ್ಲವನು ಕುಶಲನಾಗಿರಬಹುದು. ಚಿತ್ರದಲ್ಲಿರುವ ಮನುಷ್ಯನು ಎದುರು ನಿಂತು ಕೇಳಿದಾಗ ಸಮಾಧಾನವನ್ನು ಹೇಳಬಲ್ಲವನೇ ವಿವೇಕಿ.